ಯಾರ ಹಾಡು, ಯಾರ ಆಸ್ತಿ: ಕಪ್ಪು ಸಂಗೀತಗಾರರ ಹೊಣೆಯ ಲೆಕ್ಕ

2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನ ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯದ ಮಧ್ಯಂತರದಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್ ಹಾಡಿದ ಮೇಲೆ ಹಳೆಯ ವಾದವೊಂದು ಮತ್ತೆ ಕಾವೇರಿತು. ಅಷ್ಟು ದೊಡ್ಡ ವೇದಿಕೆ ಸಿಕ್ಕಾಗ ತನ್ನ ಜನರ ಪಾಡನ್ನು ನೇರವಾಗಿ ಹೇಳಬೇಕಿತ್ತು, ಇನ್ನೊಬ್ಬ ಗಾಯಕನ ಮೇಲಿನ ಜಗಳವನ್ನು ಅಲ್ಲಿಗೆ ತರಬಾರದಿತ್ತು ಎಂದರು ಕೆಲವರು. ಕಪ್ಪು ನರ್ತಕರಿಂದಲೇ ರಾಷ್ಟ್ರಧ್ವಜದ ಆಕಾರ ಕಟ್ಟಿಸಿದ್ದರಲ್ಲೇ ಹೇಳಬೇಕಾದ್ದೆಲ್ಲ ಇತ್ತು ಎಂದರು ಇನ್ನು ಕೆಲವರು. ಎರಡೂ ಕಡೆಯವರ ಕಣ್ಣು ವೇದಿಕೆಯ ಮೇಲೇ ಇತ್ತು. ಆ ಕಾರ್ಯಕ್ರಮಕ್ಕೆ ಪಂದ್ಯ ನಡೆಸುವ ಲೀಗ್ ಆದ ಎನ್‌ಎಫ್‌ಎಲ್ ಮುಖ್ಯ ಗಾಯಕರಿಗೆ ಕಾರ್ಮಿಕ ಸಂಘದ ಕನಿಷ್ಠ ದರ ಬಿಟ್ಟರೆ ಸಂಭಾವನೆ ಕೊಡುವುದಿಲ್ಲ. ಲಾಭ ಬರುವುದು ಆಮೇಲೆ, ಹಾಡುಗಳನ್ನು ಜನ ಮತ್ತೆ ಮತ್ತೆ ಕೇಳುವುದರಿಂದ. ಆ ದುಡ್ಡು ಯಾರ ಖಾತೆಗೆ ಎಷ್ಟು ಹೋಗುತ್ತದೆ ಎಂಬುದರ ಬಗ್ಗೆ ಹೆಚ್ಚು ಮಾತೇ ಇರಲಿಲ್ಲ.

ಕಪ್ಪು ಸಂಗೀತಗಾರರು ತಮ್ಮ ಸಮುದಾಯಕ್ಕೆ ಏನು ಕೊಡಬೇಕು ಎಂಬ ಪ್ರಶ್ನೆ ನೂರು ವರ್ಷದಿಂದ ಹಾಡಿನ ಸಾಲುಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಸಾಲುಗಳು ಮುಖ್ಯವಲ್ಲ ಅನ್ನುತ್ತಿಲ್ಲ. ಆದರೆ ಹೊಣೆಯನ್ನು ಅಳೆಯಬಹುದಾದ ಜಾಗ ಬೇರೆ ಇದೆ: ಕರಾರು, ಹಕ್ಕುಪತ್ರ, ಪಾಲುಪಟ್ಟಿ, ವಿಲ್. ತನ್ನ ಹಾಡೇ ತನ್ನದಲ್ಲದ ಕಲಾವಿದ ಊರಿಗೆ ಕೊಡಬಲ್ಲದ್ದು ಮಾತು ಮತ್ತು ಒಂದಷ್ಟು ದಾನ. ಹಾಡನ್ನು ಕೈಯಲ್ಲಿ ಉಳಿಸಿಕೊಂಡವರ ಕಥೆ ಬೇರೆ. ಅಲ್ಲೂ ಎಡವಟ್ಟುಗಳು ಬೇಕಾದಷ್ಟಿವೆ, ಅವನ್ನೂ ನೋಡೋಣ.

ಹೊಣೆ ಕೇಳುವವರು ಯಾರು?

ಮೊದಲು ಸಾಲುಗಳ ವಿಚಾರವನ್ನೇ ಮುಗಿಸೋಣ. 1939ರಲ್ಲಿ ಗಾಯಕಿ ಬಿಲ್ಲಿ ಹಾಲಿಡೇ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಡೆದ ಕಪ್ಪು ಜನರ ಗುಂಪುಹತ್ಯೆಗಳ ಬಗ್ಗೆ ಹಾಡಲು ಹೊರಟಾಗ ಆಕೆಯ ಕಂಪನಿ ಕೊಲಂಬಿಯಾ ಅದನ್ನು ರೆಕಾರ್ಡ್ ಮಾಡಲು ಒಪ್ಪಲಿಲ್ಲ. ಕಮೊಡೋರ್ ಎಂಬ ಪುಟ್ಟ ಸಂಸ್ಥೆ ಮಾಡಿತು. 1963ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಕೊಲೆಯಾಗಿ, ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತ ಮೇಲೆ ನೀನಾ ಸಿಮೋನ್ ಬರೆದ ಹಾಡಿನ ತಟ್ಟೆಗಳನ್ನು ದಕ್ಷಿಣದ ರೇಡಿಯೋದವರು ಮುರಿದು ವಾಪಸ್ ಕಳಿಸಿದರು. ಅಂದರೆ ಹೊಣೆ ಹೊತ್ತು ಹಾಡಿದಾಗ ಪೆಟ್ಟು ಬಿದ್ದದ್ದು ಹೊಟ್ಟೆಪಾಡಿಗೆ.

ರ‍್ಯಾಪ್ ಬಂದ ಮೇಲೆ ದಿಕ್ಕು ತಿರುಗಿತು. ಈಗ "ಹೊಣೆಗೇಡಿಗಳು" ಎಂಬ ಆರೋಪ. 1989ರಲ್ಲಿ ಪೊಲೀಸರ ವಿರುದ್ಧದ ಹಾಡೊಂದಕ್ಕಾಗಿ ಎನ್.ಡಬ್ಲ್ಯೂ.ಎ. ತಂಡದ ವಿತರಕರಿಗೆ ಎಫ್‌ಬಿಐ ಅಧಿಕಾರಿಯೊಬ್ಬರು ಪತ್ರ ಬರೆದರು. 1990ರಲ್ಲಿ ಫ್ಲಾರಿಡಾದ ನ್ಯಾಯಾಲಯ 2 ಲೈವ್ ಕ್ರೂ ತಂಡದ ಆಲ್ಬಮ್ ಅಶ್ಲೀಲವೆಂದು ತೀರ್ಪು ಕೊಟ್ಟಿತು. ಎರಡು ವರ್ಷಕ್ಕೆ ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಇವತ್ತಿನ ರೂಪ ಇನ್ನೂ ಗಂಭೀರ: ಹಾಡಿನ ಸಾಲುಗಳನ್ನು ಪ್ರಾಸಿಕ್ಯೂಟರ್‌ಗಳು ಸಾಕ್ಷ್ಯವಾಗಿ ಓದುತ್ತಾರೆ. ಅಟ್ಲಾಂಟಾದಲ್ಲಿ 2022ರ ಮೇನಲ್ಲಿ ಬಂಧಿತರಾದ ರ‍್ಯಾಪರ್ ಯಂಗ್ ಥಗ್ ಪ್ರಕರಣದಲ್ಲಿ ಸಾಲುಗಳನ್ನು ಆರೋಪಪಟ್ಟಿಯಲ್ಲೇ ಸೇರಿಸಲಾಗಿತ್ತು. 2024ರ ಅಕ್ಟೋಬರ್ 31ರಂದು ತಪ್ಪೊಪ್ಪಿಗೆಯೊಂದಿಗೆ ಅವರು ಹೊರಬಂದರು. ಕ್ಯಾಲಿಫೋರ್ನಿಯಾ 2022ರ ಸೆಪ್ಟೆಂಬರ್‌ನಲ್ಲಿ ಎಬಿ 2799 ಎಂಬ ಕಾಯ್ದೆ ತಂದು, ಸೃಜನಶೀಲ ಅಭಿವ್ಯಕ್ತಿಯನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ಅದು ಪೂರ್ವಗ್ರಹ ಹುಟ್ಟಿಸುತ್ತದೆಯೇ ಎಂದು ನ್ಯಾಯಾಧೀಶರು ತೂಗಿನೋಡಬೇಕು ಎಂದಿತು. ಇಲ್ಲಿ ಕೇಳುತ್ತಿರುವುದು ಸಮುದಾಯವಲ್ಲ, ಸರ್ಕಾರ. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು.

ಸಮುದಾಯವೇ ಕೇಳಿದ ಸಂದರ್ಭ ನೋಡಬೇಕೆಂದರೆ 2004ರ ಸ್ಪೆಲ್ಮನ್ ಕಾಲೇಜಿಗೆ ಹೋಗಬೇಕು. ಅಟ್ಲಾಂಟಾದ ಈ ಕಪ್ಪು ಮಹಿಳೆಯರ ಕಾಲೇಜಿನಲ್ಲಿ ರ‍್ಯಾಪರ್ ನೆಲ್ಲಿಯ ಪ್ರತಿಷ್ಠಾನ ಅಸ್ಥಿಮಜ್ಜೆ ದಾನಿಗಳ ನೋಂದಣಿ ಶಿಬಿರ ಇಟ್ಟುಕೊಂಡಿತ್ತು. ಅವರ ಅಕ್ಕನಿಗೆ ರಕ್ತದ ಕ್ಯಾನ್ಸರ್. ಕಪ್ಪು ರೋಗಿಗಳಿಗೆ ಹೊಂದುವ ದಾನಿಗಳು ಸಿಗುವುದೇ ಕಷ್ಟ. ಆದರೆ ಅವರದೊಂದು ವಿಡಿಯೊದಲ್ಲಿ ಹೆಣ್ಣುಮಕ್ಕಳನ್ನು ತೋರಿಸಿದ ರೀತಿಯ ಬಗ್ಗೆ ಮೊದಲು ನಮ್ಮೊಡನೆ ಕೂತು ಮಾತಾಡಿ ಎಂದು ವಿದ್ಯಾರ್ಥಿನಿಯರು ಪಟ್ಟು ಹಿಡಿದರು. ಪ್ರತಿಷ್ಠಾನ ಶಿಬಿರವನ್ನೇ ರದ್ದು ಮಾಡಿತು. ಅಕ್ಕ ಮರುವರ್ಷ ತೀರಿಕೊಂಡರು. ಇಪ್ಪತ್ತು ವರ್ಷ ಕಳೆದರೂ ಈ ಪ್ರಸಂಗದಲ್ಲಿ ಯಾರು ಸರಿ ಎಂದು ಜಗಳವಿದೆ. ವಿದ್ಯಾರ್ಥಿನಿಯರು ದಾನವನ್ನು ತಡೆಯಲಿಲ್ಲ, ಮಾತುಕತೆ ಕೇಳಿದರು; ನಮ್ಮ ದೃಷ್ಟಿಯಲ್ಲಿ ಅಷ್ಟು ಕೇಳುವ ಹಕ್ಕು ಅವರಿಗಿತ್ತು. 2017ರಲ್ಲಿ ಅಟ್ಲಾಂಟಾದ ಇಬ್ಬರು ಕಪ್ಪು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಹೊತ್ತಿದ್ದ ಗಾಯಕ ಆರ್. ಕೆಲ್ಲಿಯ ಹಾಡುಗಳನ್ನು ರೇಡಿಯೋ ಮತ್ತು ವೇದಿಕೆಗಳಿಂದ ಇಳಿಸುವ ಚಳವಳಿ ಕಟ್ಟಿದಾಗಲೂ ಸಮುದಾಯದೊಳಗಿಂದಲೇ ವಿರೋಧ ಬಂದಿತ್ತು. ನ್ಯಾಯಾಲಯ ಅಪರಾಧಿ ಎಂದದ್ದು 2021ರಲ್ಲಿ.

ಒಂದು ಹಾಡು, ಎರಡು ಆಸ್ತಿ

ಈಗ ಕಾಗದಕ್ಕೆ ಬರೋಣ. ಅಮೆರಿಕದ ಕಾನೂನಿನಲ್ಲಿ ಒಂದು ಹಾಡು ಎರಡು ಬೇರೆ ಬೇರೆ ಆಸ್ತಿ. ಸಾಹಿತ್ಯ ಮತ್ತು ರಾಗ ಸೇರಿ ಒಂದು. ಇದರ ವ್ಯವಹಾರಕ್ಕೆ ಪಬ್ಲಿಷಿಂಗ್ ಎನ್ನುತ್ತಾರೆ. ಸ್ಟುಡಿಯೋದಲ್ಲಿ ದಾಖಲಾದ ಧ್ವನಿ ಇನ್ನೊಂದು, ಇದು ಮಾಸ್ಟರ್. ಬರೆದವರಿಗೆ ಮೊದಲನೆಯದರಲ್ಲಿ ಪಾಲು, ಹಾಡಿದವರಿಗೆ ಎರಡನೆಯದರಲ್ಲಿ, ಅದೂ ಕರಾರು ಉಳಿಸಿಕೊಟ್ಟರೆ.

ಈ ವಿಭಜನೆಯ ಪೆಟ್ಟು ಎಂಥದ್ದು ಎಂಬುದಕ್ಕೆ ಅರೀತಾ ಫ್ರಾಂಕ್ಲಿನ್‌ಗಿಂತ ಉದಾಹರಣೆ ಬೇಕಿಲ್ಲ. 1967ರಲ್ಲಿ ಆಕೆ ಹಾಡಿ ನಾಗರಿಕ ಹಕ್ಕುಗಳ ಚಳವಳಿಯ ಘೋಷಣೆಯಾಗಿಸಿದ 'ರೆಸ್ಪೆಕ್ಟ್' ಬರೆದದ್ದು ಓಟಿಸ್ ರೆಡ್ಡಿಂಗ್. ಅಮೆರಿಕದ ಎಎಂ, ಎಫ್‌ಎಂ ಕೇಂದ್ರಗಳು ಬರೆದವರಿಗೆ ಮತ್ತು ಪ್ರಕಾಶಕರಿಗೆ ಮಾತ್ರ ರಾಯಲ್ಟಿ ಕೊಡುತ್ತವೆ, ಹಾಡಿದವರಿಗಲ್ಲ. ಐವತ್ತು ವರ್ಷ ಆ ಹಾಡು ರೇಡಿಯೋದಲ್ಲಿ ಬಂದಾಗಲೆಲ್ಲ ಆಕೆಯ ಕೈಗೆ ಬಂದದ್ದು ಸೊನ್ನೆ. ಡಿಜಿಟಲ್ ರೇಡಿಯೋದ ನಿಯಮ ಬೇರೆ: ಅಲ್ಲಿ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಶುಲ್ಕ ವಸೂಲಿ ಮಾಡಿ ಶೇ 50ನ್ನು ಮಾಸ್ಟರ್ ಒಡೆಯರಿಗೆ, ಶೇ 45ನ್ನು ಮುಖ್ಯ ಗಾಯಕರಿಗೆ, ಶೇ 5ನ್ನು ವಾದ್ಯಗಾರರು ಮತ್ತು ಹಿನ್ನೆಲೆ ದನಿಗಳಿಗೆ ಹಂಚುತ್ತದೆ. ಮುಖ್ಯ ಗಾಯಕರ ಪಾಲು ಕಂಪನಿಯ ಕೈ ಸೇರದೆ ನೇರವಾಗಿ ಅವರಿಗೇ ಬರುತ್ತದೆ. ಆದರೆ ನೋಂದಾಯಿಸಿಕೊಳ್ಳದವರಿಗೆ ತಲುಪುವ ದಾರಿಯಿಲ್ಲ.

ಹಳೆಯ ಕಾಲದ ಮೋಸಗಳಿಗೆ ಅಳತೆಯೇ ಇಲ್ಲ. ಆಗ ಒಂದು ತಟ್ಟೆ ಮಾರಾಟವಾದರೆ ಹಾಡೊಂದಕ್ಕೆ ಕಾನೂನಿನ ದರ 2 ಸೆಂಟ್. 1955ರಲ್ಲಿ ಲಿಟಲ್ ರಿಚರ್ಡ್ ತನ್ನ ಮೊದಲ ದೊಡ್ಡ ಹಾಡಿನ ಪಬ್ಲಿಷಿಂಗ್ ಹಕ್ಕು ಮಾರಿದ್ದು 50 ಡಾಲರ್‌ಗೆ. ತಟ್ಟೆಗೆ ಸಿಗುತ್ತಿದ್ದದ್ದು ಅರ್ಧ ಸೆಂಟ್. ಅದೇ ವರ್ಷ ಚಕ್ ಬೆರ್ರಿಯ ಮೊದಲ ಹಾಡಿಗೆ "ಸಹಲೇಖಕ"ರಾಗಿ ಇಬ್ಬರ ಹೆಸರು ಸೇರಿಕೊಂಡಿತು. ಒಬ್ಬರು ರೇಡಿಯೋ ನಿರೂಪಕ ಅಲನ್ ಫ್ರೀಡ್, ಇನ್ನೊಬ್ಬರು ಕಂಪನಿಯ ಮಾಲೀಕರ ಪರಿಚಯದ ವ್ಯಾಪಾರಿ. ಒಂದಕ್ಷರವನ್ನೂ ಬರೆಯದವರ ಹೆಸರು ಅಳಿಸಿಹೋಗಲು 1986ರವರೆಗೆ ಕಾಯಬೇಕಾಯಿತು.

ಮುಂಗಡದ ಲೆಕ್ಕ

ಕಣ್ಣಿಗೆ ಕಾಣುವ ಮೋಸಕ್ಕಿಂತ ಕಾನೂನುಬದ್ಧ ಲೆಕ್ಕವೇ ಹೆಚ್ಚು ಜನರನ್ನು ಮುಳುಗಿಸಿದೆ. ಅರ್ಥವಾಗಲೆಂದು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಕಂಪನಿ ಕಲಾವಿದನಿಗೆ 2 ಲಕ್ಷ ಡಾಲರ್ ಮುಂಗಡ ಕೊಡುತ್ತದೆ. ರೆಕಾರ್ಡಿಂಗ್‌ಗೆ 1.5 ಲಕ್ಷ, ವಿಡಿಯೊದ ಅರ್ಧ ಖರ್ಚು 50 ಸಾವಿರ. ಈ 4 ಲಕ್ಷವೂ ಕಲಾವಿದನ ಲೆಕ್ಕದಲ್ಲಿ ಬಾಕಿ. ರಾಯಲ್ಟಿ ದರ ಶೇ 15. ಆಲ್ಬಮ್ 20 ಲಕ್ಷ ಗಳಿಸಿತು ಅನ್ನಿ. ಕಲಾವಿದನ ಪಾಲು 3 ಲಕ್ಷ. ಅಷ್ಟೂ ಬಾಕಿಗೆ ಜಮಾ ಆಗಿ ಇನ್ನೂ 1 ಲಕ್ಷ ಸಾಲ ಉಳಿಯುತ್ತದೆ. ಕಂಪನಿಯ ಕೈಯಲ್ಲಿ ಆ 4 ಲಕ್ಷ ಕಳೆದು 16 ಲಕ್ಷ ಇರುತ್ತದೆ, ಅದರಲ್ಲಿ ಪ್ರಚಾರ, ಸಿಬ್ಬಂದಿಯ ಖರ್ಚು ಕಳೆಯಬೇಕು. ಕಲಾವಿದ ಮೊದಲ ಡಾಲರ್ ನೋಡಬೇಕಾದರೆ ಗಳಿಕೆ 26.67 ಲಕ್ಷ ದಾಟಬೇಕು. ಗಮನಿಸಬೇಕಾದದ್ದು, ಸಾಲವನ್ನು ತೀರಿಸುತ್ತಿರುವುದು ಶೇ 15ರ ಪಾಲು ಮಾತ್ರ, ಆದರೆ ತೀರಿದ ಮೇಲೂ ಮಾಸ್ಟರ್ ಕಂಪನಿಯದೇ. ಮನೆಸಾಲ ಕಟ್ಟಿ ಮುಗಿಸಿದ ಮೇಲೂ ಮನೆ ಬ್ಯಾಂಕಿನ ಹೆಸರಲ್ಲೇ ಇದ್ದ ಹಾಗೆ.

ಇದಕ್ಕೆ ಎರಡು ಸಾಮಾನ್ಯ ಕೊಕ್ಕೆಗಳಿವೆ. ಒಂದು, ಮೊದಲ ಆಲ್ಬಮ್‌ನ ಬಾಕಿಯನ್ನು ಎರಡನೆಯದರ ಗಳಿಕೆಯಿಂದ ಕಡಿಯುವ ಷರತ್ತು. ಇನ್ನೊಂದು 360 ಡೀಲ್: ಸಂಗೀತ ಕಛೇರಿಗಳು, ಟೀಶರ್ಟು, ಜಾಹೀರಾತು, ಎಲ್ಲದರಲ್ಲೂ ಕಂಪನಿಗೆ ಪಾಲು.

ಅದೇ 20 ಲಕ್ಷವನ್ನು ಬರೀ ವಿತರಣೆಯ ಕರಾರಿನಲ್ಲಿ ಗಳಿಸಿದರೆ? ವಿತರಕರು ಶೇ 20 ತೆಗೆದುಕೊಂಡರು ಎಂದುಕೊಳ್ಳಿ. ಉಳಿದ 16 ಲಕ್ಷದಲ್ಲಿ ಸ್ವಂತ ಖರ್ಚು 4 ಲಕ್ಷ ಕಳೆದರೆ 12 ಲಕ್ಷ ಕೈಯಲ್ಲಿ, ಮಾಸ್ಟರ್ ಕೂಡ ಕೈಯಲ್ಲಿ. ಹಾಗಾದರೆ ಎಲ್ಲರೂ ಹೀಗೇ ಯಾಕೆ ಮಾಡುವುದಿಲ್ಲ? ಆ 4 ಲಕ್ಷ ಮೊದಲೇ ಬೇಕಲ್ಲ. 1930ರ ದಶಕದಿಂದ ಕಪ್ಪು ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಳಿದು ಗೃಹಸಾಲ ನಿರಾಕರಿಸಿದ ದೇಶದಲ್ಲಿ ಅಡವಿಡಲು ಮನೆಯಿಲ್ಲದ ಕುಟುಂಬಗಳೇ ಹೆಚ್ಚು. ಇಪ್ಪತ್ತು ವರ್ಷದ ಹುಡುಗನಿಗೆ ಲೇಬಲ್‌ನ, ಅಂದರೆ ರೆಕಾರ್ಡ್ ಕಂಪನಿಯ, ಮುಂಗಡವೇ ಜೀವನದಲ್ಲಿ ಸಿಗುವ ಮೊದಲ ದೊಡ್ಡ ಸಾಲ. "ಓದದೆ ಸಹಿ ಹಾಕಿದ" ಎಂದು ಬೈಯುವವರು ಈ ಭಾಗವನ್ನು ಮರೆಯುತ್ತಾರೆ.

ಬಾಕಿ ಎಂಬ ಈ ಭೂತದ ಜೊತೆ ಬಡಿದಾಡಿ ಗೆದ್ದವರಲ್ಲಿ ರೂತ್ ಬ್ರೌನ್ ಮೊದಲಿಗರು. 1950ರ ದಶಕದಲ್ಲಿ ಅಟ್ಲಾಂಟಿಕ್ ಕಂಪನಿ ನಿಂತದ್ದೇ ಆಕೆಯ ಹಾಡುಗಳ ಮೇಲೆ. 60ರ ದಶಕದಲ್ಲಿ ಆಕೆ ಮನೆಗೆಲಸ ಮಾಡಿದರು, ಶಾಲೆಯ ಬಸ್ ಓಡಿಸಿದರು. ರಾಯಲ್ಟಿ ಕೇಳಿದರೆ ನೀವೇ ನಮಗೆ ಬಾಕಿ ಎಂಬ ಉತ್ತರ. ಹೋವೆಲ್ ಬೆಗಲ್ ಎಂಬ ವಕೀಲರ ಜೊತೆ ವರ್ಷಗಟ್ಟಲೆ ಹೋರಾಡಿದ ಮೇಲೆ 1988ರಲ್ಲಿ ಅಟ್ಲಾಂಟಿಕ್ ಆಕೆಯದಷ್ಟೇ ಅಲ್ಲ, ಇನ್ನೂ ಮೂವತ್ತಕ್ಕೂ ಹೆಚ್ಚು ಹಳೆಯ ಕಲಾವಿದರ ಬಾಕಿಯನ್ನು ಮನ್ನಾ ಮಾಡಿತು. 15 ಲಕ್ಷ ಡಾಲರ್ ಕೊಟ್ಟು ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಶುರುವಾಗಲು ಕಾರಣವಾಯಿತು. ಸಮುದಾಯದ ಹೊಣೆ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಈ ಜಗಳವೇ. ತನ್ನ ಲೆಕ್ಕಪತ್ರ ಕೇಳಿದಾಕೆ ಪಕ್ಕದವರದ್ದನ್ನೂ ತೆರೆಸಿದರು.

ದಾರಿ ಅಲ್ಲಿಗೆ ಮುಗಿಯಲಿಲ್ಲ. 2020ರ ಜೂನ್ 2ರಂದು, ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ, ಜಮೀಲಾ ಥಾಮಸ್ ಮತ್ತು ಬ್ರಿಯಾನಾ ಅಜ್ಯೆಮಾಂಗ್ ಎಂಬ ಇಬ್ಬರು ಕಪ್ಪು ಉದ್ಯೋಗಿಗಳ ಕರೆಗೆ ಸಂಗೀತ ಉದ್ಯಮ ಒಂದು ದಿನ ಕೆಲಸ ನಿಲ್ಲಿಸಿತು. ಸಾಮಾಜಿಕ ಜಾಲತಾಣಗಳಲ್ಲಿ ಕಪ್ಪು ಚೌಕಗಳ ಮಹಾಪೂರ. ಉಪಯೋಗಕ್ಕೆ ಬಂದದ್ದು ಆಮೇಲಿನ ಎರಡು ಕೆಲಸ. ಬಿಎಂಜಿ ಎಂಬ ಸಂಗೀತ ಕಂಪನಿ ತನ್ನ ಕೈಸೇರಿದ ಹಳೆಯ 15 ಕಂಪನಿಗಳ ಕರಾರುಗಳನ್ನು ಪರಿಶೀಲಿಸಿ, ನಾಲ್ಕರಲ್ಲಿ ಕಪ್ಪು ಕಲಾವಿದರ ರಾಯಲ್ಟಿ ದರ ಗಮನಾರ್ಹವಾಗಿ ಕಡಿಮೆ ಇದ್ದುದನ್ನು ಒಪ್ಪಿಕೊಂಡಿತು. 2021ರ ಜೂನ್‌ನಲ್ಲಿ ಸೋನಿ, 2000ಕ್ಕಿಂತ ಮೊದಲು ಸಹಿ ಹಾಕಿದವರ ಹಳೆಯ ಬಾಕಿಯನ್ನು ಲೆಕ್ಕಕ್ಕೆ ಹಿಡಿಯದೆ ರಾಯಲ್ಟಿ ಕೊಡುತ್ತೇನೆ ಎಂದಿತು. ಮರುವರ್ಷ ವಾರ್ನರ್, ಯೂನಿವರ್ಸಲ್ ಕೂಡ ಅದೇ ದಾರಿ ಹಿಡಿದವು. ಕೋಟಿಗಟ್ಟಲೆ ಡಾಲರ್‌ಗಳ ದಾನನಿಧಿ ಘೋಷಣೆಗಳಿಗಿಂತ ಈ ಬಾಕಿಮನ್ನಾವೇ ಹೆಚ್ಚು ಮನೆಗಳಿಗೆ ತಲುಪುವಂಥದ್ದು.

ನಮ್ಮವರ ಕಂಪನಿಯಾದರೆ?

ಲೇಬಲ್ ಕಪ್ಪು ಜನರದ್ದೇ ಆದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಡೆಟ್ರಾಯ್ಟ್‌ನಲ್ಲಿ ಕಟ್ಟಿದ ಮೋಟೌನ್ ಅದಕ್ಕೆ ಮಾದರಿ. ಆದರೆ 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಗುಳೆ ಹೋಯಿತು, 1988ರಲ್ಲಿ 6.1 ಕೋಟಿ ಡಾಲರ್‌ಗೆ ಎಂಸಿಎಗೆ ಮಾರಾಟವಾಯಿತು. ಡೆಟ್ರಾಯ್ಟ್‌ಗೆ ಉಳಿದದ್ದು ಒಂದು ವಸ್ತುಸಂಗ್ರಹಾಲಯ ಮತ್ತು ಹೆಮ್ಮೆ.

ರ‍್ಯಾಪರ್ ಶಾನ್ ಕೂಂಬ್ಸ್ ಅವರ ಬ್ಯಾಡ್ ಬಾಯ್ ಕಂಪನಿಯದು ಇನ್ನೂ ಕಹಿ ಪ್ರಸಂಗ. 2020ರಲ್ಲಿ ಅವರು ಗ್ರ್ಯಾಮಿ ಸಮಾರಂಭವೊಂದರಲ್ಲಿ ಕಪ್ಪು ಸಂಗೀತಕ್ಕೆ ಗೌರವವಿಲ್ಲ ಎಂದು ಭಾಷಣ ಮಾಡಿದಾಗ, ಅವರದೇ ಹಳೆಯ ರ‍್ಯಾಪರ್ ಮೇಸ್ ಬಹಿರಂಗವಾಗಿ ತಿರುಗಿಬಿದ್ದರು: ನನ್ನ ಪಬ್ಲಿಷಿಂಗ್ ಅನ್ನು ಸುಮಾರು 20 ಸಾವಿರಕ್ಕೆ ಕೊಂಡಿರಿ, ನಾನು 20 ಲಕ್ಷ ಕೊಡುತ್ತೇನೆಂದರೂ ವಾಪಸ್ ಕೊಡಲಿಲ್ಲ ಎಂಬುದು ಅವರ ಆರೋಪ. 2023ರಲ್ಲಿ ಕೂಂಬ್ಸ್ ಹಲವು ಕಲಾವಿದರಿಗೆ ಹಕ್ಕು ಮರಳಿಸುವುದಾಗಿ ಪ್ರಕಟಿಸಿದರು. ಅದೇ ನವೆಂಬರ್‌ನಲ್ಲಿ ಅವರ ವಿರುದ್ಧ ಗಾಯಕಿ ಕ್ಯಾಸಿ ದೌರ್ಜನ್ಯದ ದಾವೆ ಹೂಡಿದರು. 2025ರಲ್ಲಿ ಕೂಂಬ್ಸ್ ಎರಡು ಆರೋಪಗಳಲ್ಲಿ ಅಪರಾಧಿ ಎನಿಸಿ 50 ತಿಂಗಳ ಶಿಕ್ಷೆಗೆ ಗುರಿಯಾದರು. ಒಡೆತನದ ಮೈಬಣ್ಣ ನೋಡಿ ಕರಾರಿಗೆ ಅಂಕ ಕೊಡಲಾಗದು.

ಮೆಂಫಿಸ್‌ನ ಸ್ಟಾಕ್ಸ್ ಕಂಪನಿಯದು ಬೇರೆ ಬಗೆಯ ಪಾಠ. ಬಿಳಿಯ ಮಾಲೀಕ ಜಿಮ್ ಸ್ಟೀವರ್ಟ್ 1965ರಲ್ಲಿ ಅಟ್ಲಾಂಟಿಕ್ ಜೊತೆಗಿನ ವಿತರಣಾ ಕರಾರಿಗೆ ಸರಿಯಾಗಿ ಓದದೆ ಸಹಿ ಹಾಕಿದ್ದರು. ಅಟ್ಲಾಂಟಿಕ್ ಮಾರಾಟವಾದಾಗ, ವಿತರಿಸಿದ ಎಲ್ಲ ಮಾಸ್ಟರ್‌ಗಳೂ ಅಟ್ಲಾಂಟಿಕ್‌ನವೇ ಎಂಬ ಷರತ್ತು ಹೊರಬಿತ್ತು. 1967ರ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಓಟಿಸ್ ರೆಡ್ಡಿಂಗ್ ತೀರಿಕೊಂಡಿದ್ದರು. 1968ರಲ್ಲಿ ಅವರ ಹಾಡುಗಳೂ ಹೋದವು. ಅಲ್ ಬೆಲ್ ಎಂಬ ಕಪ್ಪು ಕಾರ್ಯನಿರ್ವಾಹಕ ಸೊನ್ನೆಯಿಂದ ಮತ್ತೆ ಕಂಪನಿ ಕಟ್ಟಿ, 1972ರ ಆಗಸ್ಟ್ 20ರಂದು ಲಾಸ್ ಏಂಜಲೀಸ್‌ನ ಕೊಲೀಸಿಯಮ್‌ನಲ್ಲಿ ವಾಟ್‌ಸ್ಟಾಕ್ಸ್ ನಡೆಸಿದರು. ವಾಟ್ಸ್ ಬಡಾವಣೆಯ ದಂಗೆಗೆ ಏಳು ವರ್ಷ ತುಂಬಿದ ನೆನಪಿಗೆ. ಟಿಕೆಟ್ 1 ಡಾಲರ್, ಸೇರಿದ ಜನ ಲಕ್ಷಕ್ಕೂ ಹೆಚ್ಚು. 1975ರ ಡಿಸೆಂಬರ್ ಹೊತ್ತಿಗೆ ಕಂಪನಿ ದಿವಾಳಿ. ಮಾಸ್ಟರ್‌ಗಳ ಹಳೆಯ ದಾಸ್ತಾನು ಇದ್ದಿದ್ದರೆ ಕೆಟ್ಟ ವರ್ಷಗಳನ್ನು ದಾಟಿಸುವ ಆದಾಯವಿರುತ್ತಿತ್ತು. ಅದಿರಲಿಲ್ಲ.

ಡ್ರಮ್ ಬಾರಿಸಿದವರ ಪಾಲು

ಹೊಣೆಯ ಮಾತಾಡುವಾಗ ತಾರೆಯಿಂದ ನೇರ ಬಡಾವಣೆಗೆ ಜಿಗಿಯುತ್ತೇವೆ. ನಡುವೆ ಇರುವ ತಂಡದವರು ಕಣ್ಣಿಗೇ ಬೀಳುವುದಿಲ್ಲ. 'ಅಮೆನ್, ಬ್ರದರ್' ಎಂಬ 1969ರ ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ಕೆಲವೇ ಸೆಕೆಂಡುಗಳ ಡ್ರಮ್ ತುಣುಕು ಆಮೇಲೆ ಸಾವಿರಾರು ಹಾಡುಗಳಲ್ಲಿ ಸೇರಿತು. ಜಂಗಲ್ ಎಂಬ ಇಡೀ ಸಂಗೀತ ಪ್ರಕಾರ ಅದರ ಮೇಲೆ ನಿಂತಿದೆ. ಕೋಲ್ಮನ್ 2006ರಲ್ಲಿ ಸೂರಿಲ್ಲದ ಸ್ಥಿತಿಯಲ್ಲಿ ಸತ್ತರು. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ತಾಳಕ್ಕೂ ಅದೇ ಗತಿ.

ಕಾರಣ ಸರಳ. ಸ್ಯಾಂಪಲ್, ಅಂದರೆ ಹಳೆಯ ರೆಕಾರ್ಡಿಂಗ್‌ನ ತುಣುಕು, ಬಳಸಲು ಎರಡು ಅನುಮತಿ ಬೇಕು: ಮಾಸ್ಟರ್ ಒಡೆಯರದ್ದು, ಹಾಡು ಬರೆದವರದ್ದು. ದಿನಗೂಲಿಗೆ ಬಾರಿಸಿದ ಡ್ರಮ್ಮರ್ ಎರಡರಲ್ಲೂ ಇಲ್ಲ. 1991ರ ಡಿಸೆಂಬರ್‌ನಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧದ ತೀರ್ಪಿನ ನಂತರ ಅನುಮತಿಯಿಲ್ಲದೆ ಸ್ಯಾಂಪಲ್ ಬಳಸುವುದು ಅಪಾಯವಾಗಿ, ದುಡ್ಡು ಹರಿಯತೊಡಗಿತು. ಆದರೆ ಹರಿದದ್ದು ಕಾಗದದ ಮೇಲೆ ಹೆಸರಿದ್ದವರ ಕಡೆಗೆ. ಸ್ಟಬಲ್‌ಫೀಲ್ಡ್ ಕ್ಯಾನ್ಸರ್‌ಗೆ ಒಳಗಾದಾಗ ಸುಮಾರು 90 ಸಾವಿರ ಡಾಲರ್ ಆಸ್ಪತ್ರೆ ಬಿಲ್ ಅನ್ನು ಗಾಯಕ ಪ್ರಿನ್ಸ್ ಸದ್ದಿಲ್ಲದೆ ಕಟ್ಟಿದ್ದರು ಎಂಬುದು ಪ್ರಿನ್ಸ್ ತೀರಿಕೊಂಡ ಮೇಲಷ್ಟೇ ಹೊರಬಂತು. ದೊಡ್ಡ ಮನಸ್ಸು. ಆದರೂ ಅದು ದಯೆ, ಪಾಲಲ್ಲ.

ಇದನ್ನು ಸರಿಪಡಿಸಲು ಒಂದು ಪುಟದ ಪಾಲುಪಟ್ಟಿ ಸಾಕು. ಸ್ಟುಡಿಯೋದಿಂದ ಎದ್ದು ಹೋಗುವ ಮೊದಲೇ ಬರೆಯಬೇಕು: ಹಾಡಿನ ಹೆಸರು, ತಾರೀಕು, ಪ್ರತಿಯೊಬ್ಬರ ಕಾನೂನುಬದ್ಧ ಹೆಸರು, ಬರವಣಿಗೆಯಲ್ಲಿ ಯಾರಿಗೆ ಶೇಕಡಾ ಎಷ್ಟು, ಮಾಸ್ಟರ್‌ನಲ್ಲಿ ಎಷ್ಟು, ಎಲ್ಲರ ಸಹಿ. ಎರಡು ಶೇಕಡಾವಾರುಗಳನ್ನು ಬೇರೆ ಬೇರೆ ಬರೆಯದಿದ್ದರೆ ಆಮೇಲೆ ಜಗಳ ಖಚಿತ. ಒಟ್ಟು 100 ಆಗಿದೆಯೇ ಎಂದು ಕೂಡಿಯೂ ನೋಡಬೇಕು. ಹಾಡು ಹಿಟ್ ಆದ ಮೇಲೆ ಪಟ್ಟಿ ಬರೆಯಲು ಕೂತರೆ 140 ಆಗುವುದು ಸಾಮಾನ್ಯ. ನಂತರ ಬರಹಗಾರರು ಆಸ್ಕ್ಯಾಪ್ ಅಥವಾ ಬಿಎಂಐನಂಥ ಒಂದು ಸಂಘದಲ್ಲಿ, ಸ್ವಂತ ಪಬ್ಲಿಷಿಂಗ್ ಇಟ್ಟುಕೊಂಡವರು ಎಂಎಲ್‌ಸಿ ಎಂಬ ಸಂಸ್ಥೆಯಲ್ಲೂ, ಹಾಡಿದವರು ಸೌಂಡ್‌ಎಕ್ಸ್‌ಚೇಂಜ್‌ನಲ್ಲಿ ನೋಂದಾಯಿಸಬೇಕು. ಮೂರೂ ಬೇರೆ ಬೇರೆ ಹಣ ವಸೂಲಿ ಮಾಡುತ್ತವೆ, ಒಂದರಲ್ಲಿ ಹೆಸರಿದ್ದರೆ ಇನ್ನೊಂದರ ದುಡ್ಡು ಬರುವುದಿಲ್ಲ. 2021ರಲ್ಲಿ ಎಂಎಲ್‌ಸಿ ಕೆಲಸ ಶುರು ಮಾಡಿದಾಗ, ಯಾರದ್ದೆಂದು ಗೊತ್ತಾಗದೆ ಸ್ಟ್ರೀಮಿಂಗ್ ಕಂಪನಿಗಳಲ್ಲಿ ಉಳಿದುಹೋಗಿದ್ದ 42.4 ಕೋಟಿ ಡಾಲರ್ ರಾಯಲ್ಟಿ ಅದರ ಕೈಗೆ ಬಂತು. ಅದರಲ್ಲಿ ಎಷ್ಟೋ ಪಾಲು ಕಾಗುಣಿತ ತಪ್ಪಿದ ಹೆಸರು, ನೋಂದಾಯಿಸದ ಪಾಲುಗಳ ಫಲ.

ದುಡ್ಡು ಊರಿಗೆ ಬರುವ ದಾರಿ

ಗಾಯಕ ಹ್ಯಾರಿ ಬೆಲಫಾಂಟೆ 1964ರ ಬೇಸಿಗೆಯಲ್ಲಿ ನಟ ಸಿಡ್ನಿ ಪಾಟಿಯೆ ಜೊತೆ ಮಿಸಿಸಿಪ್ಪಿಯ ಗ್ರೀನ್‌ವುಡ್‌ಗೆ ಸುಮಾರು 70 ಸಾವಿರ ಡಾಲರ್ ನಗದನ್ನು ಚೀಲದಲ್ಲಿ ಹೊತ್ತೊಯ್ದದ್ದು ಪ್ರಸಿದ್ಧ. ಮತದಾರರ ನೋಂದಣಿಗೆ ಬಂದ ಮೂವರು ಕಾರ್ಯಕರ್ತರ ಕೊಲೆಯಾಗಿತ್ತು, ಚಳವಳಿಯ ಖಜಾನೆ ಬರಿದಾಗಿತ್ತು, ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಜನಾಂಗದ್ವೇಷಿ ಗುಂಪಿನವರು ಕಾರನ್ನು ಬೆನ್ನಟ್ಟಿದರು. ಸಾಹಸಕ್ಕಿಂತ ಮುಖ್ಯವಾದದ್ದು ದುಡ್ಡಿನ ಬಗೆ: ಜಾಮೀನು, ಊಟ, ಪೆಟ್ರೋಲು. ಸಂಘಟನೆಗೆ ಯಾವ ವಾರ ಏನು ಬೇಕೆಂದು ಕೇಳಿ ಕೊಟ್ಟ ಹಣ ಅದು, ತನ್ನ ಹೆಸರಿನ ಪ್ರತಿಷ್ಠಾನಕ್ಕಲ್ಲ.

ಜೇಮ್ಸ್ ಬ್ರೌನ್ ಬೇರೆ ದಾರಿ ಹಿಡಿದರು. ನಾಕ್ಸ್‌ವಿಲ್, ಬಾಲ್ಟಿಮೋರ್, ಆಗಸ್ಟಾದಲ್ಲಿ ಮೂರು ರೇಡಿಯೋ ಕೇಂದ್ರ ಕೊಂಡರು. ಆಗಸ್ಟಾದ್ದು ಬಾಲ್ಯದಲ್ಲಿ ಅವರು ಹೊರಗೆ ಕೂತು ಬೂಟು ಪಾಲಿಶ್ ಮಾಡುತ್ತಿದ್ದ ಕೇಂದ್ರ. ಕಪ್ಪು ಹಾಡುಗಳನ್ನು ನುಡಿಸುತ್ತಿದ್ದ ಕೇಂದ್ರಗಳೂ ಬಹುಪಾಲು ಬಿಳಿಯರ ಒಡೆತನದಲ್ಲಿದ್ದ ಕಾಲದಲ್ಲಿ ಇದು ಸರಿಯಾದ ಆಯ್ಕೆ. ತೆರಿಗೆ ಬಾಕಿ ಮತ್ತು ಸಾಲದ ಸುಳಿಯಲ್ಲಿ 1980ರ ಆಸುಪಾಸು ಮೂರೂ ಕೈತಪ್ಪಿದವು. ಆಸ್ತಿ ಮಾಡಿದರು, ಅದನ್ನು ನಡೆಸುವ ಆಡಳಿತ ಕಟ್ಟಲಿಲ್ಲ.

ನಮ್ಮ ಕಾಲದಲ್ಲಿ ಎಲ್ಲರೂ ಎತ್ತಿಹೇಳುವ ಹೆಸರು ರ‍್ಯಾಪರ್ ನಿಪ್ಸಿ ಹಸಲ್. 2013ರಲ್ಲಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದ ತನ್ನ ಮಿಕ್ಸ್‌ಟೇಪ್‌ನ 1,000 ಪ್ರತಿಗಳನ್ನು ತಲಾ 100 ಡಾಲರ್‌ಗೆ ಮಾರಿದರು. 100 ಪ್ರತಿಗಳನ್ನು ಜೇ-ಝಿ ಒಬ್ಬರೇ ಕೊಂಡರು. ಮಾಸ್ಟರ್‌ಗಳನ್ನು ಬಿಟ್ಟುಕೊಡದೆ ದೊಡ್ಡ ಕಂಪನಿಯ ಜೊತೆ ಪಾಲುದಾರಿಕೆ ಮಾಡಿಕೊಂಡರು. ದಕ್ಷಿಣ ಲಾಸ್ ಏಂಜಲೀಸ್‌ನ ಸ್ಲಾಸನ್ ಮತ್ತು ಕ್ರೆನ್‌ಷಾ ರಸ್ತೆ ಕೂಡುವಲ್ಲಿ ಬಟ್ಟೆ ಅಂಗಡಿ ತೆರೆದು, 2019ರ ಆರಂಭದಲ್ಲಿ ಪಾಲುದಾರರೊಡನೆ ಅಂಗಡಿಸಾಲನ್ನೇ ಕೊಂಡರು. ಆ ರಸ್ತೆಯುದ್ದಕ್ಕೂ ಮೆಟ್ರೊ ಕಾಮಗಾರಿ ನಡೆದಿತ್ತು. ಮೆಟ್ರೊ ಬಂದರೆ ಬಾಡಿಗೆ ಏರುತ್ತದೆ, ಬಾಡಿಗೆಗಿರುವವರು ಹೊರಬೀಳುತ್ತಾರೆ. ನೆಲ ಕೊಂಡವರಷ್ಟೇ ಉಳಿಯುತ್ತಾರೆ ಎಂಬ ಲೆಕ್ಕ ಅವರಿಗಿತ್ತು. ಮಾರ್ಚ್ 31ರಂದು ಅದೇ ಅಂಗಡಿಯ ಮುಂದೆ ಅವರ ಕೊಲೆಯಾಯಿತು. ಮಾದರಿ ಒಳ್ಳೆಯದೇ, ಆದರೆ ಒಬ್ಬ ವ್ಯಕ್ತಿಯ ಮೇಲೆ ನಿಂತ ಯೋಜನೆಯ ದುರ್ಬಲತೆಯನ್ನೂ ಅದು ತೋರಿಸಿತು.

ಪ್ರತಿಷ್ಠಾನಗಳ ಬಗ್ಗೆ ಒಂದು ಎಚ್ಚರಿಕೆ. ಗಾಯಕ ವೈಕ್ಲೆಫ್ ಜಾನ್ ಅವರ ಯೇಲೆ ಹೈಟಿ ಪ್ರತಿಷ್ಠಾನ 2010ರ ಭೂಕಂಪದ ವರ್ಷ ಸುಮಾರು 1.6 ಕೋಟಿ ಡಾಲರ್ ಸಂಗ್ರಹಿಸಿತು. ತುರ್ತು ಪರಿಹಾರಕ್ಕೆ ಹೋದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಎಂಬ ವರದಿ ಬಂತು, 2012ರಲ್ಲಿ ಸಂಸ್ಥೆ ಮುಚ್ಚಿತು. ಅಮೆರಿಕದ ಬಹುತೇಕ ದತ್ತಿ ಸಂಸ್ಥೆಗಳು ಪ್ರತಿವರ್ಷ ಫಾರ್ಮ್ 990 ಸಲ್ಲಿಸಬೇಕು, ಯಾರು ಬೇಕಾದರೂ ಅದನ್ನು ನೋಡಬಹುದು. ಸತತ ಮೂರು ವರ್ಷ ಸಲ್ಲಿಸದಿದ್ದರೆ ತೆರಿಗೆ ವಿನಾಯಿತಿ ತಾನಾಗಿ ರದ್ದು. ಅಭಿಮಾನಿಗಳು ನೋಡಬೇಕಾದ್ದು ಮೂರೇ ಸಾಲು: ಕಾರ್ಯಕ್ರಮಗಳಿಗೆ ಖರ್ಚಾದ ಮೊತ್ತ, ಸಂಬಳ, ಕಲಾವಿದನಿಗೆ ಅಥವಾ ಅವನ ಸ್ವಂತ ಕಂಪನಿಗಳಿಗೆ ಸಂದಾಯವಾದದ್ದು.

ಕೊಟ್ಟದ್ದನ್ನು ವಾಪಸ್ ಪಡೆಯುವುದು

ಇವತ್ತಿನ ನಿಜವಾದ ಯುದ್ಧ ನಡೆದಿರುವುದು 1976ರ ಕೃತಿಸ್ವಾಮ್ಯ ಕಾಯ್ದೆಯ 203ನೇ ಕಲಂ ಮೇಲೆ. 1978ರ ಜನವರಿ 1ರಿಂದೀಚೆಗೆ ಲೇಖಕರು ಬರೆದುಕೊಟ್ಟ ಹಕ್ಕನ್ನು 35 ವರ್ಷದ ಬಳಿಕ ವಾಪಸ್ ಪಡೆಯಬಹುದು, ಕರಾರಿನಲ್ಲಿ ಏನೇ ಬರೆದಿರಲಿ. ಸಾಮಾನ್ಯವಾಗಿ ಲೆಕ್ಕ ಹೀಗೆ: 1990ರಲ್ಲಿ ಕೊಟ್ಟ ಹಕ್ಕಿಗೆ ಕಿಟಕಿ ತೆರೆಯುವುದು 2025ರಲ್ಲಿ, ಮುಚ್ಚುವುದು ಐದು ವರ್ಷಕ್ಕೆ. ವಾಪಸ್ ಪಡೆಯುವ ದಿನಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 10 ವರ್ಷ ಮೊದಲು ಲಿಖಿತ ನೋಟಿಸ್ ಕೊಟ್ಟು, ಅದರ ಪ್ರತಿಯನ್ನು ಕೃತಿಸ್ವಾಮ್ಯ ಕಚೇರಿಯಲ್ಲಿ ದಾಖಲಿಸಬೇಕು. ತಾರೀಕು ತಪ್ಪಿದರೆ ಅವಕಾಶ ಹೋಯಿತು. ಹಿಪ್-ಹಾಪ್‌ನ ಸುವರ್ಣಯುಗ ಎನ್ನುವ 1986ರಿಂದ 1994ರ ಹಾಡುಗಳೆಲ್ಲ ಈಗ ಈ ಕಿಟಕಿಯ ಆಸುಪಾಸಿನಲ್ಲಿವೆ.

ಕಂಪನಿಗಳ ಎದುರುವಾದ ಎರಡು: ಇದು ಕೂಲಿಗೆ ಮಾಡಿಕೊಟ್ಟ ಕೃತಿ (ವರ್ಕ್ ಮೇಡ್ ಫಾರ್ ಹೈರ್), ಆದ್ದರಿಂದ ಕಲಂ ಅನ್ವಯಿಸದು, ಇಲ್ಲವೇ, ಹಕ್ಕು ಕೊಟ್ಟದ್ದು ನೀವಲ್ಲ, ನಿಮ್ಮ ನಿರ್ಮಾಪಕರ ಸಂಸ್ಥೆ. 2024ರ ಅಕ್ಟೋಬರ್‌ನಲ್ಲಿ ಮಯಾಮಿಯ ಜ್ಯೂರಿ 2 ಲೈವ್ ಕ್ರೂ ಪರವಾಗಿ ತೀರ್ಪು ಕೊಟ್ಟಿತು. ಸಾಲ್ಟ್-ಎನ್-ಪೆಪಾ ಎಂಬ ರ‍್ಯಾಪ್ ತಂಡ 2025ರ ಮೇನಲ್ಲಿ ಯೂನಿವರ್ಸಲ್ ವಿರುದ್ಧ ದಾವೆ ಹೂಡಿದಾಗ ಕಂಪನಿ ಈ ಎರಡೂ ವಾದಗಳನ್ನು ಮುಂದಿಟ್ಟಿತು, ಅವರ ಕೆಲವು ಹಾಡುಗಳು ಸ್ಟ್ರೀಮಿಂಗ್‌ನಿಂದಲೂ ಮಾಯವಾದವು. ಹೀಗಾಗಿ ಇವತ್ತು ಸಹಿ ಹಾಕುವ ಹುಡುಗರು ಹುಡುಕಬೇಕಾದ್ದು ಆ "ಕೂಲಿಗೆ ಮಾಡಿದ ಕೃತಿ" ಎಂಬ ಪದಗಳನ್ನೇ.

ಭಾರತದ ಕಾನೂನು ಬೇರೆ ತುದಿಯಿಂದ ಹೊರಟಿದೆ, ಕನ್ನಡದಲ್ಲಿ ರ‍್ಯಾಪ್ ಬರೆಯುವವರಿಗೂ ಸಿನಿಮಾ ಸಾಹಿತಿಗಳಿಗೂ ಇದು ಗೊತ್ತಿರಬೇಕು. 2012ರ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಬಳಕೆಯಾಗುವುದನ್ನು ಬಿಟ್ಟು ಉಳಿದ ಬಳಕೆಗಳ ರಾಯಲ್ಟಿಯಲ್ಲಿ ಬರೆದವರ ಮತ್ತು ರಾಗ ಹಾಕಿದವರ ಸಮಪಾಲನ್ನು ಬರೆದುಕೊಟ್ಟರೂ ಅದು ಅಸಿಂಧು. ವಾರಸುದಾರರಿಗೆ ಅಥವಾ ಐಪಿಆರ್‌ಎಸ್‌ನಂಥ ಸಂಘಕ್ಕೆ ಮಾತ್ರ ಕೊಡಬಹುದು. 35 ವರ್ಷ ಕಾಯಬೇಕಿಲ್ಲ. ಆದರೆ ಸಂಘದ ಸದಸ್ಯರಾಗದಿದ್ದರೆ ಕಾಯ್ದೆಯ ಬಲ ಪುಸ್ತಕದಲ್ಲೇ ಉಳಿಯುತ್ತದೆ.

ಹೊಸ ತಗಾದೆ ದನಿಯದ್ದು. 2022ರ ಆಗಸ್ಟ್‌ನಲ್ಲಿ ಕ್ಯಾಪಿಟಲ್ ಕಂಪನಿ ಎಫ್‌ಎನ್ ಮೆಕಾ ಎಂಬ ಕೃತಕ ರ‍್ಯಾಪರ್ ಜೊತೆ ಕರಾರು ಮಾಡಿಕೊಂಡು, ಕಪ್ಪು ಕಲಾವಿದರ ಅಣಕವೆಂಬ ಟೀಕೆ ಬಂದ ಕೆಲವೇ ದಿನದಲ್ಲಿ ಕೈಬಿಟ್ಟಿತು. ಟೆನ್ನೆಸಿ ರಾಜ್ಯ 2024ರ ಜುಲೈ 1ರಿಂದ ದನಿಯ ನಕಲಿನ ವಿರುದ್ಧ ಕಾಯ್ದೆ ಜಾರಿಗೆ ತಂದಿದೆ. ಕರಾರಿನಲ್ಲಿ "ಹೆಸರು, ರೂಪ, ದನಿ" ಎಂಬ ಸಾಲು ಹಿಂದೆ ಪೋಸ್ಟರ್ ಅಚ್ಚು ಹಾಕಲು ಇರುತ್ತಿತ್ತು. ಈಗ ಅದೇ ಸಾಲಿನ ಬಲದಲ್ಲಿ ದನಿಯ ಮಾದರಿಯನ್ನೇ ತಯಾರಿಸಬಹುದು. ತಂತ್ರಾಂಶ ತರಬೇತಿಗೆ ಬಳಸುವಂತಿಲ್ಲ ಎಂದು ಬೇರೆಯಾಗಿ ಬರೆಸದಿದ್ದರೆ ವಾದಕ್ಕೆ ಜಾಗ ಉಳಿಯುತ್ತದೆ.

ಕೊನೆಯ ಕಾಗದ ವಿಲ್. ಕೆನ್ನೆಯ ಮೇಲೆ "ಗುಲಾಮ" ಎಂದು ಬರೆದುಕೊಂಡು ವಾರ್ನರ್ ವಿರುದ್ಧ ಹೋರಾಡಿ 2014ರಲ್ಲಿ ಮಾಸ್ಟರ್‌ಗಳನ್ನು ಗೆದ್ದ ಪ್ರಿನ್ಸ್, 2016ರ ಏಪ್ರಿಲ್ 21ರಂದು ವಿಲ್ ಬರೆಯದೆ ತೀರಿಕೊಂಡರು. ಆರು ಮಂದಿ ಒಡಹುಟ್ಟಿದವರು ವಾರಸುದಾರರಾದರು. ಆರು ವರ್ಷ ಪ್ರಕರಣ ನಡೆಯಿತು. ಆಸ್ತಿಯ ಮೌಲ್ಯ 15.64 ಕೋಟಿ ಡಾಲರ್ ಎಂದು ತೆರಿಗೆ ಇಲಾಖೆಯೊಡನೆ ಒಪ್ಪಂದವಾಗುವ ಹೊತ್ತಿಗೆ ಕೆಲವರು ತಮ್ಮ ಪಾಲು ಮಾರಿದ್ದರು. 2022ರ ಆಗಸ್ಟ್‌ನ ಹಂಚಿಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಹೋದದ್ದು ಪ್ರೈಮರಿ ವೇವ್ ಎಂಬ ನ್ಯೂಯಾರ್ಕ್‌ನ ಸಂಗೀತ ಕಂಪನಿಗೆ. ಅರೀತಾ ಫ್ರಾಂಕ್ಲಿನ್ ಅವರ ಕೈಬರಹದ ವಿಲ್ ಸೋಫಾ ದಿಂಬಿನ ಕೆಳಗೆ ಸಿಕ್ಕಿ, ಅದು ಊರ್ಜಿತವೆಂದು ಜ್ಯೂರಿ ಹೇಳಿದ್ದು 2023ರಲ್ಲಿ, ಆಕೆ ತೀರಿಕೊಂಡ ಐದು ವರ್ಷಕ್ಕೆ. ಮಾಸ್ಟರ್ ಮತ್ತು ಪಬ್ಲಿಷಿಂಗ್ ಯಾರಿಗೆ, ಮಾರುವ ಅಧಿಕಾರ ಯಾರಿಗೆ, ಆದಾಯದ ಎಷ್ಟು ಪಾಲು ಊರಿನ ಯಾವ ಸಂಸ್ಥೆಗೆ ಎಂಬ ಮೂರು ವಿಷಯ ವಿಲ್‌ನಲ್ಲೋ ಟ್ರಸ್ಟ್ ಪತ್ರದಲ್ಲೋ ಇಲ್ಲದಿದ್ದರೆ ಆ ತೀರ್ಮಾನವನ್ನು ರಾಜ್ಯದ ಉತ್ತರಾಧಿಕಾರ ಕಾನೂನು ಮಾಡುತ್ತದೆ, ಮತ್ತು ಆ ಕಾನೂನಿನ ವಾರಸುದಾರರ ಪಟ್ಟಿಯಲ್ಲಿ ಸಮುದಾಯ ಇಲ್ಲ.